ಬೆಂಕಿ ಉಂಡೆಗೆ ಹಗ್ಗ ಎಲ್ಲಿ ಕಟ್ಟಬೇಕು?

ಮಾನ್ಯ ಸಂಪಾದಕರೇ,

ನಮ್ಮ ದಕ್ಷಿಣ ಕನ್ನಡದಲ್ಲಿ ಸುಡುಮದ್ದು ಇಲ್ಲದ ಜಾತ್ರೆ ಅಂದರೆ ಜನಕ್ಕೆ ಅರ್ಧ ಜಾತ್ರೆ. ಏಪ್ರಿಲ್ 17ರ ರಾತ್ರಿ ಪುತ್ತೂರು ಜಾತ್ರೆಯ ಬೆಡಿ (ಸುಡುಮದ್ದು) ನೋಡೋಕೆ ಎಲ್ಲೆಲ್ಲಿಂದ ಜನ ಬರುತ್ತಾರೆ ಅಂತ ನಿಮಗೂ ಗೊತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಬರೆಯುತ್ತಿರುವುದು ಈಚೆಗೆ ಸಣ್ಣ ಉತ್ಸವ, ಮೆರವಣಿಗೆ, ವಾರ್ಷಿಕೋತ್ಸವ ಅಂತ ಎಲ್ಲ ಕಡೆ ಶುರುವಾಗಿರುವ ‘ಫೈರ್ ಬಾಲ್’ ಬಗ್ಗೆ. ಹಾಡಿನ ಬೀಟ್ ಏರಿದಾಗ ವೇದಿಕೆ ಪಕ್ಕದಲ್ಲಿ ಬುಸ್ ಅಂತ ದೊಡ್ಡ ಬೆಂಕಿ ಉಂಡೆ ಏಳುತ್ತದಲ್ಲ, ಅದು.

ಹೋದ ವರ್ಷ ನಮ್ಮ ಪಕ್ಕದೂರಿನ ಒಂದು ಕಾರ್ಯಕ್ರಮದಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಮಾಡಿದವರು ಊರಿನ ಹುಡುಗರೇ, ರೀಲ್ಸ್ ನೋಡಿ ಕಲಿತದ್ದು. ಯಾರಿಗೂ ಏನೂ ಆಗಲಿಲ್ಲ, ಜನ ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ನೋಡಿದರೆ ಪಕ್ಕದಲ್ಲಿ ಕಟ್ಟಿದ್ದ ಫ್ಲೆಕ್ಸ್‌ನ ಒಂದು ಮೂಲೆ ಪೂರ್ತಿ ಸುರುಟಿಕೊಂಡಿತ್ತು, ಬೆಂಕಿ ಅದನ್ನು ಮುಟ್ಟಿಯೇ ಇರಲಿಲ್ಲ. ಅದೇ ಫ್ಲೆಕ್ಸ್‌ನ ಬುಡದಲ್ಲಿ ಮಕ್ಕಳು ಕೂತಿದ್ದರು.

ಬೆಂಕಿ ಉಂಡೆ ಪಟಾಕಿ ಅಲ್ಲ ಅನ್ನುವುದು ನಮಗೆ ಇನ್ನೂ ತಲೆಗೆ ಹೋಗಿಲ್ಲ. ಪಟಾಕಿಯಿಂದ ಕಿಡಿ ಬರುತ್ತದೆ, ಚೂರು ಹಾರುತ್ತದೆ, ತಪ್ಪಿಸಿಕೊಳ್ಳಬಹುದು. ಬೆಂಕಿ ಉಂಡೆಯ ಶಾಖ ಬೆಳಕಿನ ಜೊತೆಗೇ ಬರುತ್ತದೆ. ಕಣ್ಣಿಗೆ ಕಂಡಿತು ಅನ್ನುವಷ್ಟರಲ್ಲಿ ಮುಖಕ್ಕೆ ತಾಗಿ ಆಗಿರುತ್ತದೆ. ದೂರ ಎರಡರಷ್ಟಾದರೆ ಶಾಖ ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಇಲ್ಲಿ ದೂರಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ. ಆದರೆ ನಮ್ಮಲ್ಲಿ ಜನ ಹತ್ತಿರ ಬಾರದಂತೆ ಹಗ್ಗ ಕಟ್ಟುವುದು ಎಲ್ಲಿ? ಎಷ್ಟು ಜಾಗ ಉಳಿದಿದೆಯೋ ಅಲ್ಲಿ. ಮುಂದಿನ ಸಾಲಿನಲ್ಲಿ ಸೋಫಾ ಹಾಕಿ ಅತಿಥಿಗಳನ್ನು ಕೂರಿಸಿ ಆಗಿರುತ್ತದೆ, ಅವರನ್ನು ಹಿಂದೆ ಹೋಗಿ ಅನ್ನುವ ಧೈರ್ಯ ಯಾರಿಗಿದೆ? ಇನ್ನು ಮೊಬೈಲ್ ಹಿಡಿದವರು ಹಗ್ಗದ ಒಳಗೇ ಇರುತ್ತಾರೆ.

ಮೇಲೆ ನೋಡುವವರಂತೂ ಇಲ್ಲವೇ ಇಲ್ಲ. ಉಂಡೆ ಉರಿಯುತ್ತಾ ಮೇಲಕ್ಕೇ ಏರುವುದು. ಮೇಲೆ ಶಾಮಿಯಾನ, ಸೋಗೆಯ ಚಪ್ಪರ, ತೆಂಗಿನ ಗರಿ, ಕರೆಂಟ್ ತಂತಿ, ಪ್ಲಾಸ್ಟಿಕ್ ತೋರಣ! ಗಾಳಿ ಯಾವ ಕಡೆ ಇದೆ ಅಂತ ಒಂದು ಬಟ್ಟೆ ಚೂರು ಕಟ್ಟಿ ನೋಡೋಕೆ ಎಷ್ಟು ಹೊತ್ತು ಬೇಕು? ಗಾಳಿ ಜನರ ಕಡೆ ತಿರುಗಿದರೆ ಆವತ್ತಿಗೆ ಬೆಂಕಿ ಇಲ್ಲ, ಅಷ್ಟೇ.

ಹಿರಿಯರೊಬ್ಬರು ಹೇಳಿದರು, ‘ಇದೆಲ್ಲ ಹೊಸತಾ ಮಾರಾಯ್ರೆ? ಯಕ್ಷಗಾನದಲ್ಲಿ ಮಹಿಷಾಸುರ ಬರುವಾಗ ರಾಳ ಹಾರಿಸುವುದಿಲ್ಲವಾ?’ ಅಂತ. ನಿಜ. ದೊಂದಿಯ ಮೇಲೆ ರಾಳದ ಪುಡಿ ಬಿದ್ದಾಗ ಭುಗ್ ಅಂತ ಏಳುವುದೂ ಬೆಂಕಿ ಉಂಡೆಯೇ. ಆದರೆ ಅಲ್ಲಿ ಇರುವುದು ಒಂದು ಹಿಡಿ ಪುಡಿ, ಹಾರಿಸುವವನು ಕೈ ಪಳಗಿದವನು. ಯಾವ ಕಡೆ ಎರಚಬೇಕು, ವೇಷ ಎಷ್ಟು ದೂರ ಇರಬೇಕು ಅನ್ನುವುದು ಅವನಿಗೆ ಗೊತ್ತು. ಅದನ್ನೇ ‘ಸ್ವಲ್ಪ ಜಾಸ್ತಿ ಮಾಡೋಣ’ ಅಂತ ಹೊರಟರೆ ಲೆಕ್ಕವೇ ಬದಲಾಗುತ್ತದೆ. ಗಾಳಿಯಲ್ಲಿ ತೇಲುವ ಪುಡಿ ಏನು ಮಾಡಬಲ್ಲದು ಅಂತ 2015ರ ಜೂನ್ 27ರಂದು ತೈವಾನಿನ ಒಂದು ವಾಟರ್ ಪಾರ್ಕಿನಲ್ಲಿ ಗೊತ್ತಾಯಿತು. ಅಲ್ಲಿ ಜನರ ಮೇಲೆ ಎರಚಿದ್ದು ಪೆಟ್ರೋಲ್ ಅಲ್ಲ, ಬಣ್ಣ ಹಾಕಿದ ಮೆಕ್ಕೆಜೋಳದ ಪಿಷ್ಟ. ಅದಕ್ಕೆ ಬೆಂಕಿ ಹತ್ತಿ 15 ಜನ ಸತ್ತರು, ಸುಮಾರು 500 ಜನಕ್ಕೆ ಸುಟ್ಟ ಗಾಯ. ಮೆರವಣಿಗೆಯಲ್ಲಿ ಬ್ಲೋವರ್ ಇಟ್ಟು ಬಣ್ಣದ ಪುಡಿ ಹಾರಿಸುತ್ತಾ ಪಕ್ಕದಲ್ಲೇ ಮಾಲೆ ಪಟಾಕಿ ಹಚ್ಚುವವರು ಇದನ್ನು ಒಮ್ಮೆ ಓದಬೇಕು.

ಪೆಟ್ರೋಲಿನ ಕತೆ ಇನ್ನೂ ಕೆಟ್ಟದ್ದು. ಫ್ರಿಜ್ಜಿನ ಐಸ್ ಪೆಟ್ಟಿಗೆಯಷ್ಟು ತಣ್ಣಗಿದ್ದರೂ ಅದರಿಂದ ಹೊತ್ತಿಕೊಳ್ಳುವಷ್ಟು ಆವಿ ಬರುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದಲ್ಲೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ‘ಹಾಡು ಬರಲಿ, ತಡಿ’ ಅಂತ ಕಾಯುವ ಹುಡುಗನ ಕಾಲ ಸುತ್ತ ಕಣ್ಣಿಗೆ ಕಾಣದ ಹಾಗೆ ಅದು ಸೇರಿರುತ್ತದೆ. ಕಡ್ಡಿ ಗೀರಿದ ಕ್ಷಣ ಮೊದಲು ಹೊತ್ತಿಕೊಳ್ಳುವುದು ಅವನೇ. ದಸರಾ ಸಮಯದಲ್ಲಿ ಕೆಲವು ಹುಲಿವೇಷದ ತಂಡಗಳಲ್ಲಿ ಸೀಮೆಎಣ್ಣೆ ಬಾಯಿಗೆ ತುಂಬಿ ಬೆಂಕಿ ಉಗುಳುವುದು ಕೂಡ ಅಪಾಯವೇ. ಮೈತುಂಬ ಬಣ್ಣ, ತಲೆಗೆ ಸಿಂಥೆಟಿಕ್ ಕೂದಲು. ಮೈ ಸುಡದೆ ಇದ್ದರೂ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ.

ಎಣ್ಣೆ, ಪೆಟ್ರೋಲ್ ಉರಿಯುವಾಗ ಗಾಬರಿಯಲ್ಲಿ ಕೊಡದಲ್ಲಿ ನೀರು ಸುರಿಯುವವರೂ ಇದ್ದಾರೆ. ದಯವಿಟ್ಟು ಬೇಡ. ಕಾದ ಎಣ್ಣೆಗೆ ಬಿದ್ದ ನೀರು ಒಮ್ಮೆಗೇ ಆವಿಯಾಗಿ ಎಣ್ಣೆಯನ್ನು ಮೇಲೆತ್ತಿ ಎಸೆಯುತ್ತದೆ, ಇನ್ನೊಂದು ಬೆಂಕಿ ಉಂಡೆ ತಯಾರು. ಮರಳಿನ ಬಕೆಟ್, ಫೋಮ್ ಅಥವಾ ಒಣ ಪುಡಿಯ ನಂದಿಸುವ ಸಿಲಿಂಡರ್, ಒದ್ದೆ ಗೋಣಿ ಕೈಗೆ ಸಿಗುವ ಹಾಗೆ ಇರಬೇಕು. ಬೆಂಕಿ ಹಚ್ಚುವವನ ಮೈಮೇಲೆ ದಪ್ಪ ಹತ್ತಿ ಬಟ್ಟೆ ಇರಬೇಕು, ಪಾಲಿಯೆಸ್ಟರ್ ಜೆರ್ಸಿ ಕರಗಿ ಚರ್ಮಕ್ಕೆ ಅಂಟುತ್ತದೆ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು. ಪೇಸ್ಟು, ಕಾಫಿ ಪುಡಿ ಬೇಡ.

ಇನ್ನೊಂದು ವಿಷಯ, ದಾಸ್ತಾನು. 2016ರ ಏಪ್ರಿಲ್ 10ರಂದು ಕೊಲ್ಲಂ ಹತ್ತಿರದ ಪುಟ್ಟಿಂಗಲ್ ದೇವಸ್ಥಾನದಲ್ಲಿ 100ಕ್ಕೂ ಹೆಚ್ಚು ಜನ ಸತ್ತದ್ದು ಮೇಲೆ ಹಾರಿದ ಪಟಾಕಿಯಿಂದ ಅಲ್ಲ, ಅದರ ಕಿಡಿ ದಾಸ್ತಾನಿನ ಮೇಲೆ ಬಿದ್ದದ್ದರಿಂದ. ಎಂಟು ವರ್ಷ ಕಳೆದು 2024ರ ಅಕ್ಟೋಬರ್ ಕೊನೆಗೆ ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ, ತೆಯ್ಯಂ ನೋಡಲು ಸೇರಿದ ಜನರ ಪಕ್ಕದಲ್ಲೇ, ಮತ್ತೆ ಅದೇ ಆಯಿತು. ಒಂದು ಕಿಡಿ, ಪಟಾಕಿ ಇಟ್ಟ ಶೆಡ್ಡು, 150ಕ್ಕೂ ಹೆಚ್ಚು ಗಾಯಾಳುಗಳು. ಅವರಲ್ಲಿ ಹಲವರನ್ನು ಮಂಗಳೂರಿನ ಆಸ್ಪತ್ರೆಗಳಿಗೆ ತಂದರು, ಕೆಲವರು ಉಳಿಯಲಿಲ್ಲ. ಇಷ್ಟಾದ ಮೇಲೂ ನಮ್ಮಲ್ಲಿ ಪೆಟ್ರೋಲ್ ಕ್ಯಾನು, ಉಳಿದ ಗರ್ನಾಲು ಎಲ್ಲ ಒಂದೇ ಟೆಂಪೋದಲ್ಲಿ, ಅದೂ ವೇದಿಕೆಯ ಹಿಂದೆ. ಅದರ ಪಕ್ಕದಲ್ಲಿ ಜನರೇಟರ್.

ನಿಷೇಧ ಮಾಡಿ ಅಂತ ನಾನು ಹೇಳುತ್ತಿಲ್ಲ. ನಿಷೇಧ ಮಾಡಿದರೆ ಕದ್ದುಮುಚ್ಚಿ ಮಾಡುತ್ತಾರೆ, ಅದು ಇನ್ನೂ ಅಪಾಯ. ನನ್ನ ಪ್ರಶ್ನೆ ಸಮಿತಿಯವರಿಗೆ ಮತ್ತು ಅನುಮತಿ ಕೊಡುವವರಿಗೆ. ನಮ್ಮ ಕಡೆ ಕೊಡುವ ಅರ್ಜಿಗಳಲ್ಲಿ ಮೈಕ್, ಮೆರವಣಿಗೆಯ ದಾರಿ, ಸುಡುಮದ್ದು ಎಲ್ಲ ಇರುತ್ತದೆ, ಬೆಂಕಿ ಉಂಡೆ ಅಂತ ಬರೆದದ್ದನ್ನು ನಾನು ನೋಡಿಲ್ಲ. ಸುಡುಮದ್ದಿನವರಿಗೆ ಲೈಸೆನ್ಸ್ ಕೇಳುವ ನಾವು, ಹೆಚ್ಚು ಹತ್ತಿರದಿಂದ ಸುಡುವ ಇದನ್ನು ಸುಮ್ನೆ ‘ಕಾರ್ಯಕ್ರಮದ ಭಾಗ’ ಅಂತ ಬಿಟ್ಟಿದ್ದೇವೆ.

ಅರ್ಜಿಯಲ್ಲಿ ಒಂದು ಸಾಲು ಸೇರಿಸಿ. ಬೆಂಕಿ ಪ್ರದರ್ಶನ ಉಂಟೋ? ಉಂಟಾದರೆ ಮಾಡುವವರು ಯಾರು, ಎಲ್ಲಿ ಕಲಿತವರು, ಜನ ಎಷ್ಟು ದೂರ? ಜೊತೆಗೆ ‘ಇವತ್ತು ಬೇಡ’ ಅಂತ ಹೇಳುವ ಅಧಿಕಾರ ಇರುವ ಒಬ್ಬರ ಹೆಸರು. ಅವರು ಅಧ್ಯಕ್ಷರಾಗಿರಬಾರದು, ಅತಿಥಿಗಳನ್ನು ನೋಡಿಕೊಳ್ಳುವವರೂ ಆಗಿರಬಾರದು. ಒಮ್ಮೆ ಹಚ್ಚಿ ಹೊತ್ತದೆ ಉಳಿದರೆ ಯಾರೂ ಬಗ್ಗಿ ನೋಡಲು ಹೋಗದಂತೆ ತಡೆಯುವುದೂ ಅವರದೇ ಕೆಲಸ. ಜಾತ್ರೆಗಳ ಅರ್ಜಿ ಠಾಣೆಗೆ ಬರುವ ಮೊದಲೇ ಇದನ್ನು ಮಾಡಬೇಕು ಅಂತ ಜಿಲ್ಲಾಡಳಿತಕ್ಕೆ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ಓದುಗ, ಪುತ್ತೂರು ತಾಲ್ಲೂಕು