ಹಬೆಯಲ್ಲಿ ಬೆಂದ ಮೇಲೂ ಬದುಕಿರುತ್ತವೆಯೇ?

ಮಾನ್ಯರೇ,

ನಾಲ್ಕು ಇಡ್ಲಿ ತಿಂದರೆ ಕೋಟಿಗಟ್ಟಲೆ ‘ಒಳ್ಳೆಯ ಬ್ಯಾಕ್ಟೀರಿಯಾ’ ಕರುಳು ಸೇರುತ್ತವೆ ಎಂಬ ಮಾತು ವಾಟ್ಸ್‌ಆ್ಯಪ್ ದಾಟಿ ಈಗ ಆರೋಗ್ಯ ಪುರವಣಿಗಳಿಗೂ ಬಂದಿದೆ. ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಇಡ್ಲಿಯ ಮೇಲೆ ನನಗೇನೂ ಹಗೆಯಿಲ್ಲ. ರಾತ್ರಿ ಹಿಟ್ಟು ಉಬ್ಬಿ ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆ ಹರಿಯುವುದು ಲ್ಯೂಕೊನೊಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳ ಕೆಲಸವೇ. ಹುದುಗುವಾಗ ಉದ್ದು, ಅಕ್ಕಿಯಲ್ಲಿ ಕಬ್ಬಿಣ, ಸತುವನ್ನು ದೇಹ ಹೀರಿಕೊಳ್ಳದಂತೆ ತಡೆಯುವ ಫೈಟೇಟ್ ಅಂಶ ತಗ್ಗುತ್ತದೆ, ಅದು ಲಾಭ. ಆದರೆ ಹತ್ತು ನಿಮಿಷ ಹಬೆಯಲ್ಲಿ ಬೆಂದ ಮೇಲೆ ಆ ಬ್ಯಾಕ್ಟೀರಿಯಾ ಬದುಕಿರುವುದಿಲ್ಲ. ಜೀವಂತ ಬೇಕೆಂದರೆ ಮೊಸರಿದೆ, ಮಜ್ಜಿಗೆಯಿದೆ (ಕುದಿಸಿದ ಮಜ್ಜಿಗೆ ಹುಳಿ ಲೆಕ್ಕಕ್ಕಿಲ್ಲ). ಮೊಸರಿನ ಬ್ಯಾಕ್ಟೀರಿಯಾ ವಿಷಯದಲ್ಲೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಒಪ್ಪಿದ್ದು ಒಂದೇ ಮಾತು: ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಗ್ಗದವರಿಗೆ ಅದನ್ನು ಅರಗಿಸಲು ಅವು ನೆರವಾಗುತ್ತವೆ.

ಇಡ್ಲಿಯ ಮಾತಿನಿಂದ ಯಾರ ಕಿಸೆಯೂ ಖಾಲಿಯಾಗದು. ಪೊಟ್ಟಣದ ಮಾತಿನಿಂದ ಆಗುತ್ತದೆ. ಕಳೆದ ತಿಂಗಳು ಮೊಮ್ಮಗನಿಗೆ ಭೇದಿಯಾದಾಗ ಔಷಧ ಅಂಗಡಿಯವರು ಕೇಳುವ ಮೊದಲೇ ಪ್ರೊಬಯಾಟಿಕ್ (ಜೀವಂತ ‘ಒಳ್ಳೆಯ ಬ್ಯಾಕ್ಟೀರಿಯಾ’) ಪುಡಿಯ ಹತ್ತು ಪೊಟ್ಟಣ ಎಣಿಸಿ ಮುಂದಿಟ್ಟರು. ಓಆರ್‌ಎಸ್ ಅನ್ನು ನಾನೇ ಕೇಳಿ ಪಡೆಯಬೇಕಾಯಿತು. ಮಕ್ಕಳ ಭೇದಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಓಆರ್‌ಎಸ್ ಮತ್ತು 10ರಿಂದ 14 ದಿನ ಸತುವಿನ ಮಾತ್ರೆ. ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 1,800 ಮಕ್ಕಳ ಮೇಲೆ ನಡೆದ ಎರಡು ಪ್ರಯೋಗಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಪ್ರೊಬಯಾಟಿಕ್ ಪಡೆದ ಮಕ್ಕಳಿಗೂ ಬ್ಯಾಕ್ಟೀರಿಯಾ ಇಲ್ಲದ ಬರಿಯ ತೋರಿಕೆಯ ಪುಡಿ ಪಡೆದವರಿಗೂ ಚೇತರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಎಲ್ಲವೂ ಬೂಟಾಟಿಕೆಯಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕರುಳಿನ ಒಂದು ಗಂಭೀರ ಕಾಯಿಲೆಯನ್ನು ತಡೆಯುವಲ್ಲಿ ಈ ಬ್ಯಾಕ್ಟೀರಿಯಾಗಳ ಕೆಲವು ತಳಿಗಳು ಉಪಯುಕ್ತವೆಂಬುದಕ್ಕೆ ಆಧಾರಗಳಿವೆ. ಅದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ಆಗಬೇಕಾದ ಚಿಕಿತ್ಸೆ. ಯಾವ ತಳಿ, ಯಾವ ಕಾಯಿಲೆಗೆ, ಯಾರ ಮೇಲೆ ಪರೀಕ್ಷಿಸಿದ್ದು? ಕರುಳಿನ ಆರೋಗ್ಯದ ಬಗ್ಗೆ ಲೇಖನ ಕಳಿಸುವವರನ್ನು ಈ ಮೂರು ಪ್ರಶ್ನೆ ಕೇಳಿದ ನಂತರವೇ ಅಚ್ಚಿಗೆ ಕಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಉಪನ್ಯಾಸಕಿ, ದಾವಣಗೆರೆ