ಆ ಹುಡುಗನನ್ನು ಕೆಲಸದಿಂದ ಬಿಡಿಸಬೇಡ

ಚಿರಂಜೀವಿ ಮಂಜುವಿಗೆ ಕೊಪ್ಪಳದಿಂದ ನಿನ್ನ ಅತ್ತೆಯ ಆಶೀರ್ವಾದಗಳು. ನಾವಿಲ್ಲಿ ಆರಾಮ ಇದ್ದೇವೆ. ನಿಮ್ಮ ಮಾವನ ಮೊಣಕಾಲು ನೋವು ಈಗ ಸ್ವಲ್ಪ ಕಡಿಮೆ.

ಮೊನ್ನೆ ಫೋನಿನಲ್ಲಿ ಮಷೀನುಗಳ ಸದ್ದಿನ ನಡುವೆ ಮಾತು ಪೂರ್ತಿ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಜೀನ್ಸ್ ಯೂನಿಟ್ಟಿನ ಒಬ್ಬ ಟೈಲರ್ ಬ್ಯಾಗಿನಲ್ಲಿ ಮಾತ್ರೆ ಡಬ್ಬಿ ಸಿಕ್ಕಿತು, ಅದು ಎಚ್‌ಐವಿ ಮಾತ್ರೆ ಅಂತ ಯಾರೋ ಸುದ್ದಿ ಮಾಡಿದರು. ಈಗ ಉಳಿದವರು "ಅವನನ್ನು ಬಿಡಿಸಿ, ಇಲ್ಲಾಂದ್ರೆ ನಾವು ಬರಲ್ಲ" ಅಂತ ಕೂತಿದ್ದಾರೆ. ಸೀಸನ್ ಹೊತ್ತು, ಆರ್ಡರ್ ತಲೆ ಮೇಲಿದೆ. ನಿನ್ನ ಕಷ್ಟ ನನಗೆ ಗೊತ್ತಾಗುತ್ತದೆ. ಆದರೂ ಹೇಳುತ್ತೇನೆ ತಮ್ಮಾ, ಅವನನ್ನು ಬಿಡಿಸಬೇಡ.

ಮೊದಲು ಅವರ ಹೆದರಿಕೆಯ ವಿಷಯ. ಬೈದು ಬಾಯಿ ಮುಚ್ಚಿಸಲು ಹೋಗಬೇಡ. ಹೆದರಿಕೆ ಸುಳ್ಳಲ್ಲ, ಅದರ ಕಾರಣ ಸುಳ್ಳು. ಒಂದೇ ಕೊಡದ ನೀರು ಕುಡಿದರೆ, ಬುತ್ತಿ ಹಂಚಿಕೊಂಡರೆ, ಪಕ್ಕದಲ್ಲಿ ಕೂತರೆ, ಒಂದೇ ಪಾಯಖಾನೆಗೆ ಹೋದರೆ, ಸೊಳ್ಳೆ ಕಚ್ಚಿದರೆ ಇದು ಬರುವುದಿಲ್ಲ. ಕಾಂಡೋಮ್ ಇಲ್ಲದೆ ಕೂಡಿದರೆ, ಸೋಂಕಿರುವ ರಕ್ತ ಹಾಕಿಸಿಕೊಂಡರೆ, ಒಬ್ಬರಿಗೆ ಚುಚ್ಚಿದ ಸಿರಿಂಜನ್ನು ಇನ್ನೊಬ್ಬರಿಗೆ ಚುಚ್ಚಿದರೆ ಬರಬಹುದು. ತಾಯಿಯಿಂದ ಮಗುವಿಗೂ ಬರಬಹುದು, ಅದನ್ನೂ ಈಗ ಔಷಧಿಯಿಂದ ಬಹುಪಾಲು ತಡೆಯುತ್ತಾರೆ.

ಅವರು ಖಂಡಿತ ಸೂಜಿಯ ಮಾತು ತೆಗೆಯುತ್ತಾರೆ. ಜೀನ್ಸ್ ಬಟ್ಟೆ ದಪ್ಪ, ಸೂಜಿ ಮುರಿದು ಬೆರಳಿಗೆ ಚುಚ್ಚುವುದು ಉಂಟು. ಹೊಲಿಗೆ ಸೂಜಿ ಗಟ್ಟಿ, ಸಿರಿಂಜಿನ ಹಾಗೆ ಒಳಗೆ ರಕ್ತ ಹಿಡಿದಿಟ್ಟುಕೊಳ್ಳುವುದಿಲ್ಲ. ಬಟ್ಟೆ ಮೇಲೆ ಒಣಗಿದ ರಕ್ತದಿಂದ ಯಾರಿಗೂ ಎಚ್‌ಐವಿ ಅಂಟುವುದಿಲ್ಲ. ನೀನೊಂದು ನಿಯಮ ಮಾಡು, ಎಲ್ಲರಿಗೂ ಒಂದೇ: ಯಾರ ಬೆರಳಿಗೆ ಚುಚ್ಚಿದರೂ ಮಷೀನ್ ನಿಲ್ಲಿಸಬೇಕು, ಸೋಪು ನೀರಿನಲ್ಲಿ ತೊಳೆದು ಪಟ್ಟಿ ಹಾಕಬೇಕು, ಆ ಸೂಜಿ ಬಿಸಾಕಿ ಹೊಸದು ಹಾಕಬೇಕು. ಆಸ್ಪತ್ರೆಯಲ್ಲಿ ನರ್ಸುಗಳಾದ ನಮಗೆ ಕಲಿಸಿದ್ದೂ ಇದೇ, ಎಲ್ಲರ ರಕ್ತಕ್ಕೂ ಒಂದೇ ಜಾಗ್ರತೆ. ಒಂದು ಫಸ್ಟ್ ಏಡ್ ಬಾಕ್ಸ್ ಗೋಡೆಗೆ ಹಾಕಿಸು. ಇಷ್ಟು ಜನ ದುಡಿಯುವ ಜಾಗದಲ್ಲಿ ಅದು ಇಲ್ಲದಿರುವುದು ನನಗೆ ಮೊದಲಿಂದಲೂ ಸರಿ ಕಂಡಿಲ್ಲ.

ಇನ್ನು ಆ ಮಾತ್ರೆ ಡಬ್ಬಿ. ಅದು ನಿಜವಾಗಿ ಎಚ್‌ಐವಿ ಮಾತ್ರೆಯೇ ಆಗಿದ್ದರೆ ಸಮಾಧಾನ ಪಡುವ ವಿಷಯ. ಮಾತ್ರೆ ನುಂಗುವವನಿಂದ ಭಯವಿಲ್ಲ, ತನಗಿದೆ ಅಂತಲೇ ಗೊತ್ತಿಲ್ಲದೆ ಓಡಾಡುವವರ ಬಗ್ಗೆ ಯೋಚಿಸಬೇಕು. ಈಗ ಕೊಡುವುದು ಮೂರು ಔಷಧಿ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಬುಡಸಮೇತ ವಾಸಿ ಮಾಡುವ ಮದ್ದು ಇದಲ್ಲ. ಆದರೆ ತಪ್ಪದೆ ತೆಗೆದುಕೊಂಡರೆ ಕೆಲವೇ ತಿಂಗಳಲ್ಲಿ ರಕ್ತದೊಳಗಿನ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ನಿಂತರೆ ಸ್ವಂತ ಹೆಂಡತಿಗೂ ಲೈಂಗಿಕ ಸಂಪರ್ಕದಿಂದ ಸೋಂಕು ಹೋಗುವುದಿಲ್ಲ. ಹೆಂಡತಿಗೇ ಹೋಗದ್ದು ಪಕ್ಕದ ಮಷೀನಿನವನಿಗೆ ಹೋದೀತೇ?

ನನಗೆ ಈ ಹಟ ಯಾಕೆ ಅಂತ ನೀನು ಕೇಳಬಹುದು. ನೀನಿನ್ನೂ ಹುಟ್ಟದ ಕಾಲದಿಂದ ನಾನು ಇದನ್ನು ನೋಡಿದ್ದೇನೆ. ನಮ್ಮ ದೇಶದಲ್ಲಿ ಮೊದಲು ಗೊತ್ತಾಗಿದ್ದು 1986ರಲ್ಲಿ, ಚೆನ್ನೈಯಲ್ಲಿ. ಡಾಕ್ಟರ್ ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಪತ್ತೆ ಮಾಡಿದರು. ಹತ್ತು ಹನ್ನೆರಡು ವರ್ಷದಲ್ಲಿ ನಮ್ಮ ವಾರ್ಡಿಗೂ ಬಂತು. ಕಾರಟಗಿ ಕಡೆಯ ಒಬ್ಬ ಹೆಣ್ಣುಮಗಳ ಮಂಚವನ್ನು ವರಾಂಡದ ಕೊನೆಗೆ ಎಳೆದಿದ್ದರು. ಕಾಲದೆಸೆಯಲ್ಲಿ ತೂಗುಹಾಕಿದ ಕೇಸ್ ಶೀಟಿನ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ರೋಗದ ಹೆಸರು. ಬಂದುಹೋಗುವವರೆಲ್ಲ ಓದಿಕೊಂಡು ಹೋಗುತ್ತಿದ್ದರು. ಅವಳ ಅಣ್ಣ ರೊಟ್ಟಿ ಗಂಟನ್ನು ಬಾಗಿಲ ಹತ್ತಿರ ನೆಲದ ಮೇಲಿಟ್ಟು ತಿರುಗಿ ನೋಡದೆ ಹೋಗುತ್ತಿದ್ದ. ಆಗ ನಮ್ಮ ಹತ್ತಿರ ಕೊಡುವುದಕ್ಕೆ ಮದ್ದಿರಲಿಲ್ಲ. ಜ್ವರಕ್ಕೆ, ಭೇದಿಗೆ ಏನೋ ಕೊಡುತ್ತಿದ್ದೆವು. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ, ಅಂದರೆ ಎಚ್‌ಐವಿ ಅಡಗಿಸುವ ಮಾತ್ರೆ ಪುಕ್ಕಟೆ ಕೊಡಲು ಶುರು ಮಾಡಿತು. ಅದೂ ಮೊದಮೊದಲು ಬೆಂಗಳೂರಿನಂಥ ಕೆಲವೇ ಊರುಗಳಲ್ಲಿ. ಆ ವರ್ಷ ಜಗತ್ತಿನಲ್ಲಿ ಏಡ್ಸ್‌ನಿಂದ ಸತ್ತವರು ಸುಮಾರು 20 ಲಕ್ಷ. 2023ರಲ್ಲಿ ಅದು 6.3 ಲಕ್ಷದ ಹತ್ತಿರಕ್ಕೆ ಇಳಿದಿದೆ.

ಅಷ್ಟು ಇಳಿದದ್ದು ಬರೀ ಮಾತ್ರೆಯಿಂದ ಅಂತ ತಿಳಿಯಬೇಡ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ದೇವದಾಸಿ ಪದ್ಧತಿಯಲ್ಲಿ ನೊಂದ ಹೆಣ್ಣುಮಕ್ಕಳೇ ಸಂಘ ಕಟ್ಟಿಕೊಂಡು ಓಡಾಡಿದರು. ಸಂಘದ ಒಬ್ಬಾಕೆ ತನ್ನ ಓಣಿಯ ಇನ್ನೊಬ್ಬಳನ್ನು ಕೈಹಿಡಿದು ರಕ್ತ ಪರೀಕ್ಷೆಗೆ ಕರೆತಂದು, ಫೈಲು ಹಿಡಿದು ಕ್ಯೂನಲ್ಲಿ ನಿಲ್ಲುತ್ತಿದ್ದಳು. ಚೀಲದಲ್ಲಿ ಕಾಂಡೋಮ್ ಇಟ್ಟುಕೊಂಡು, ಜನ ಏನಂದರೂ ಅನ್ನಲಿ ಅಂತ ಹಂಚುತ್ತಿದ್ದಳು. ನಾವು ಓದಿದವರು ಹೇಳಿದರೆ ಕೇಳದವರು ಅವಳ ಮಾತು ಕೇಳುತ್ತಿದ್ದರು.

ಎರಡು ಊರಿನ ಕತೆ ಹೇಳುತ್ತೇನೆ, ಬೇಕಾದರೆ ನಿನ್ನ ಕೆಲಸದವರಿಗೂ ಹೇಳು. ಅಮೆರಿಕದ ಇಂಡಿಯಾನಾದಲ್ಲಿ ರಯಾನ್ ವೈಟ್ ಅಂತ ಹುಡುಗನಿದ್ದ. ರಕ್ತ ಹೆಪ್ಪುಗಟ್ಟದ ಕಾಯಿಲೆ ಅವನಿಗೆ, ಅದಕ್ಕೆ ಕೊಟ್ಟ ಔಷಧಿಯಿಂದಲೇ ಎಚ್‌ಐವಿ ಬಂತು. ಗೊತ್ತಾಗಿದ್ದು 1984ರಲ್ಲಿ, 13ನೇ ವಯಸ್ಸಿಗೆ. ಕೋಕೊಮೊ ಊರಿನ ಶಾಲೆ ಅವನನ್ನು ಒಳಗೆ ಬಿಡಲಿಲ್ಲ. ಕೋರ್ಟಿನಲ್ಲಿ ಗೆದ್ದು ಹೋದರೂ ಕಾಟ ತಪ್ಪಲಿಲ್ಲ, ಮನೆಯ ಕಿಟಕಿಗೆ ಗುಂಡು ಹಾರಿಸಿದರು. 1987ರಲ್ಲಿ ಅವನ ಮನೆಯವರು ಸಿಸೆರೊ ಎಂಬ ಊರಿಗೆ ಹೋದರು. ಅಲ್ಲಿನ ಶಾಲೆಯಲ್ಲಿ ಅವನು ಬರುವ ಮೊದಲೇ ಮಕ್ಕಳನ್ನು ಕೂರಿಸಿ ಈ ರೋಗದ ಬಗ್ಗೆ ತಿಳಿಸಿ ಹೇಳಿದ್ದರು. ಅವನು ಬಂದಾಗ ಕೈ ಕುಲುಕಿ ಒಳಗೆ ಕರೆದುಕೊಂಡರು. 1990ರಲ್ಲಿ ಹುಡುಗ ತೀರಿಕೊಂಡ. ಆದರೆ ಕೊನೆಯ ವರ್ಷಗಳಲ್ಲಿ ಅವನಿಗೆ ಗೆಳೆಯರಿದ್ದರು. ರೋಗ ಒಂದೇ, ಊರು ಬೇರೆ. ಆ ಎರಡನೇ ಶಾಲೆಯವರು ಮಾಡಿದ್ದನ್ನೇ ನೀನೂ ಮಾಡಬೇಕು ಅನ್ನುವುದು ನನ್ನ ಆಸೆ.

ಆದರೆ ಅವನ ಹೆಸರು ಎತ್ತಿ ಅಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೋ. ತನಗೇನಿದೆ ಅಂತ ಹೇಳುವುದು ಬಿಡುವುದು ಅವನಿಗೆ ಸೇರಿದ್ದು. ಅವನಾಗಿ ಹೇಳುವ ತನಕ ನಿನಗೆ ಗೊತ್ತಿಲ್ಲ ಅಂತಲೇ ಲೆಕ್ಕ. "ಟೆಸ್ಟ್ ಮಾಡಿಸಿ ರಿಪೋರ್ಟ್ ತಾ" ಅಂತ ಕೇಳಲೂಬೇಡ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಿಸುವುದು, ಊರಿಗೆಲ್ಲ ಹೇಳುವುದು, ಇವೆಲ್ಲ ಅದರ ಪ್ರಕಾರ ತಪ್ಪು. ಡಬ್ಬಿ ನೋಡಿ ಸುದ್ದಿ ಹಬ್ಬಿಸಿದವನನ್ನು ಒಬ್ಬನನ್ನೇ ಕರೆದು ಇದನ್ನು ಹೇಳು. ಇನ್ನೊಬ್ಬರ ಬ್ಯಾಗಿಗೆ ಕೈ ಹಾಕಿದ್ದೇ ತಪ್ಪು ಅಂತಲೂ ಹೇಳು.

ದಕ್ಷಿಣ ಆಫ್ರಿಕಾದಲ್ಲಿ 1998ರ ಡಿಸೆಂಬರ್‌ನಲ್ಲಿ ಗುಗು ಡ್ಲಾಮಿನಿ ಎಂಬ ಹೆಣ್ಣುಮಗಳು ತನಗೆ ಎಚ್‌ಐವಿ ಇದೆ ಅಂತ ಎಲ್ಲರ ಮುಂದೆ ಹೇಳಿದಳು. ಅಕ್ಕಪಕ್ಕದವರೇ ಹೊಡೆದು ಕೊಂದರು. ಆಮೇಲೆ ಅಲ್ಲಿನ ಹೋರಾಟಗಾರರು ಎದೆಯ ಮೇಲೆ ದೊಡ್ಡಕ್ಷರದಲ್ಲಿ 'ಎಚ್‌ಐವಿ ಪಾಸಿಟಿವ್' ಎಂದು ಅಚ್ಚು ಹಾಕಿದ ಟೀ ಶರ್ಟ್ ಮಾಡಿಸಿದರು. ಸೋಂಕು ಇದ್ದವರೂ ಹಾಕಿಕೊಂಡರು, ಇಲ್ಲದವರೂ ಹಾಕಿಕೊಂಡರು. ಯಾರಿಗಿದೆ ಯಾರಿಗಿಲ್ಲ ಅಂತ ಆರಿಸಿ ಹೊಡೆಯಲು ಆಗಬಾರದಲ್ವಾ? 2002ರಲ್ಲಿ ಮಂಡೇಲಾ ಅವರೇ ಅದನ್ನು ಹಾಕಿಕೊಂಡು ಜನರ ಮುಂದೆ ನಿಂತರು. ನೀನು ಬಟ್ಟೆ ಹೊಲಿಸುವವನು, ಒಂದು ಬಟ್ಟೆಯಿಂದ ಏನಾಗುತ್ತದೆ ಅಂತ ನಿನಗೆ ಬೇಗ ತಿಳಿಯುತ್ತದೆ ಅಂತ ಇದನ್ನು ಬರೆದೆ.

ಯಾವ ಕೆಲಸಗಾರ ಬಂದು "ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ರಜೆ ಕೊಡಿ" ಅಂದರೂ ಯಾಕೆ ಏನು ಅಂತ ಕೆದಕದೆ ಕೊಡು. ಪೀಸ್ ರೇಟಿನವರಿಗೆ ಒಂದು ದಿನ ಹೋದರೆ ಕೂಲಿ ಹೋಯಿತು. ಅದಕ್ಕೆ ಅಂಜಿ ಮಾತ್ರೆ ತರುವುದು ತಪ್ಪಿಸುವವರನ್ನು ನಾನು ಕಂಡಿದ್ದೇನೆ. ಮಾತ್ರೆ ತಪ್ಪಿದರೆ ವೈರಸ್ ಮತ್ತೆ ಏಳುತ್ತದೆ, ಆ ಔಷಧಿಗೇ ಬಗ್ಗದಂತೆಯೂ ಆಗಬಹುದು. ಯಾರಿಗಾದರೂ ಅನುಮಾನವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಲಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಬರುವ ಭಾನುವಾರ ಬೆಳಗಿನ ರೈಲಿಗೆ ನಾನೇ ಬಳ್ಳಾರಿಗೆ ಬರುತ್ತೇನೆ. ಎಲ್ಲರಿಗೂ ಶುಗರ್, ಬಿಪಿ, ಟಿಬಿ, ಎಚ್‌ಐವಿ ಬಗ್ಗೆ ನರ್ಸಮ್ಮ ಮಾತಾಡುತ್ತಾರೆ ಅಂತ ಹೇಳಿಡು, ಅವನನ್ನೂ ಎಲ್ಲರ ನಡುವೆಯೇ ಕೂರಿಸು. ಅವರು ಏನು ಕೇಳಿದರೂ ಉತ್ತರ ಹೇಳುತ್ತೇನೆ. ಮಧ್ಯಾಹ್ನದ ಊಟ ಅಲ್ಲೇ ಆಗಲಿ. ನಮ್ಮ ಗವಿಮಠದ ಜಾತ್ರೆ ದಾಸೋಹದಲ್ಲಿ ಲಕ್ಷಾಂತರ ಜನ ಯಾರು ಏನು ಅಂತ ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ. ನಿನ್ನ ಯೂನಿಟ್ಟಿನಲ್ಲೂ ಹಾಗೆ ಒಂದೇ ಸಾಲು ಹಾಕಿಸು. ನಾನು ಮಾದಲಿ ಮಾಡಿಕೊಂಡು ಬರುತ್ತೇನೆ, ಅನ್ನ ಸಾರು ನಿನ್ನ ಕಡೆಯಿಂದ. ಎಷ್ಟು ಜನ ಆಗುತ್ತಾರೆ ಅಂತ ಶುಕ್ರವಾರದೊಳಗೆ ಫೋನ್ ಮಾಡಿ ತಿಳಿಸು.

ಇಂತಿ,
ನಿನ್ನ ಅತ್ತೆ