ಮಳೆ ಪುಸ್ತಕದ ಗುಂಡು ಅಕ್ಷರ

ಆಲೂರು, ಹಾಸನ ಜಿಲ್ಲೆ

ಪ್ರಿಯ ಗೆಳೆಯ,

ಮೂರು ವಾರದಿಂದ ನಿನ್ನ ವಾಟ್ಸಾಪ್ ಸಂದೇಶಗಳಿಗೆಲ್ಲ ಬರೀ ಹೆಬ್ಬೆರಳು ತೋರಿಸುತ್ತಿದ್ದವನು ಇದ್ದಕ್ಕಿದ್ದಂತೆ ಇಷ್ಟುದ್ದದ ಪತ್ರವನ್ನು, ಅದೂ ಊರಿಗೆಲ್ಲ ಕಾಣುವ ಹಾಗೆ, ಏಕೆ ಬರೆಯುತ್ತಿದ್ದಾನೆ ಎಂದು ನಿನಗೆ ಅನುಮಾನ ಬಂದಿರಬಹುದು. ನೀನೂ ಪಾಲುದಾರನಾಗಿದ್ದ ಒಂದು ಹಳೆಯ ಕಳ್ಳತನದ ವಿಷಯ ಇದರಲ್ಲಿದೆ, ನಾಲ್ಕು ಜನ ಸಾಕ್ಷಿಗಳಿರಲಿ ಎಂದು ಇಲ್ಲಿಯೇ ಬರೆಯುತ್ತಿದ್ದೇನೆ. ಹೆದರಬೇಡ, ಹಲಸಿನ ಹಣ್ಣಿನದಲ್ಲ.

ಫೆಬ್ರುವರಿ 28ರ ವಿಜ್ಞಾನ ದಿನದಂದು ರಾಮನ್ ಅವರ ಫೋಟೋಕ್ಕೆ ಹಾರ ಹಾಕಿ, ಬೆಳಕು ಚದುರುವುದರ ಬಗ್ಗೆ ನನಗೇ ಅರೆಬರೆ ಅರ್ಥವಾದ ನಾಲ್ಕು ಮಾತು ಹೇಳಿ, ಚಾಕೊಲೇಟು ಹಂಚಿ ಮುಗಿಸುವುದು ನಮ್ಮ ಶಾಲೆಯ ವಾಡಿಕೆ. ಈ ಸಲ ನನಗೊಂದು ಹುಕಿ ಬಂತು. ನಾಲ್ಕು ಮತ್ತು ಐದನೆಯ ತರಗತಿಯ ಹತ್ತೊಂಬತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು, ಅದೇ ರಾಮನ್ ಅವರ ಸಂಸ್ಥೆಗೆ ಬಂದ ಇಬ್ಬರು ಹೆಣ್ಣುಮಕ್ಕಳ ಕಥೆ ಹೇಳಿದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಕಮಲಾ ಸೋಹೊನಿಯವರಿಗೆ ಹೆಣ್ಣೆಂಬ ಕಾರಣಕ್ಕೆ ಅಲ್ಲಿನ ನಿರ್ದೇಶಕರಾಗಿದ್ದ ರಾಮನ್ ಪ್ರವೇಶ ನಿರಾಕರಿಸಿದ್ದು, ಅವರು ಪಟ್ಟು ಬಿಡದೆ ನಿಂತಿದ್ದು, ಕಡೆಗೆ ಒಂದು ವರ್ಷ ನೋಡೋಣವೆಂಬ ಷರತ್ತಿನ ಮೇಲೆ ಸೇರಿಸಿಕೊಂಡದ್ದು ಒಂದು ಕಥೆ. ಈಗಿನ ಕೇರಳದ ಪೀರ್ಮೇಡಿನ ಏಲಕ್ಕಿ ತೋಟದ ಮನೆಯಲ್ಲಿ 1918ರಲ್ಲಿ ಹುಟ್ಟಿದ ಅನ್ನಾ ಮಣಿಯವರು ಎಂಟನೆಯ ಹುಟ್ಟುಹಬ್ಬಕ್ಕೆ ಬಂದ ವಜ್ರದ ಓಲೆಯನ್ನು ಬೇಡವೆಂದು ಬ್ರಿಟಾನಿಕಾ ವಿಶ್ವಕೋಶವನ್ನು ಕೇಳಿದ್ದು ಇನ್ನೊಂದು. ನಾನು ಹೆಗಲ ಮೇಲಿನ ಶಾಲನ್ನು ತಲೆಗೆ ಸುತ್ತಿ ಸ್ವತಃ ರಾಮನ್ ಆದೆ. ನನ್ನ ಗತ್ತು ನಿನಗೆ ಗೊತ್ತೇ ಇದೆ, ಅಡುಗೆಯವರೂ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು.

ಮಾರನೆಯ ದಿನ ಸ್ಲೇಟಿನಲ್ಲಿ ಉತ್ತರ ಬರೆಯಿಸಿದೆ. ಕಮಲಾ ಸೋಹೊನಿ ಏನು ಕಂಡುಹಿಡಿದರು? 'ರಾಮನ್ ಬೇಡ ಅಂದರು.' ಅನ್ನಾ ಮಣಿ ಏನು ಮಾಡಿದರು? 'ಓಲೆ ಬೇಡ ಅಂದರು.' ಒಬ್ಬ ಹುಡುಗ ಮೊದಲನೆಯದಕ್ಕೆ 'ಬಾಗಿಲು' ಎಂದಷ್ಟೇ ಬರೆದಿದ್ದ. ಹತ್ತೊಂಬತ್ತು ಸ್ಲೇಟುಗಳಲ್ಲಿ ಒಂದರಲ್ಲಿಯೂ ವಿಜ್ಞಾನದ ಒಂದು ಪದವಿರಲಿಲ್ಲ. ಮಕ್ಕಳನ್ನು ಬಯ್ಯುವ ಹಾಗಿರಲಿಲ್ಲ, ಏಕೆಂದರೆ ನಾನು ಅಗುಳಿಯ ಕಥೆ ಹೇಳಿದ್ದೆನೇ ಹೊರತು ಒಳಗೆ ಹೋದವರು ಅಲ್ಲೇನು ಮಾಡಿದರು ಎಂಬುದನ್ನು ಹೇಳಿರಲಿಲ್ಲ. ಹೆಣ್ಣುಮಕ್ಕಳ ವಿಜ್ಞಾನದ ಪಾಠದಲ್ಲಿಯೂ ಚಪ್ಪಾಳೆ ಗಿಟ್ಟಿಸಿದ್ದು ಶಾಲು ಸುತ್ತಿಕೊಂಡ ಗಂಡಸು.

ಆದ್ದರಿಂದ ಮುಂದಿನ ವಾರ ಆಲೂಗಡ್ಡೆ ತಂದೆ. ಕಮಲಾ ಅವರು ಕೇಂಬ್ರಿಡ್ಜಿನಲ್ಲಿ ಕೆಲಸ ಮಾಡಿದ್ದು ಆಲೂಗಡ್ಡೆಯ ಮೇಲೆಯೇ. ಜೀವಕೋಶಗಳ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಸಸ್ಯಗಳಲ್ಲಿಯೂ ಇದೆ ಎಂದು ಅವರು ತೋರಿಸಿದರು, 1939ರಲ್ಲಿ ಡಾಕ್ಟರೇಟ್ ಪಡೆದರು. ಗಡ್ಡೆಯನ್ನು ಕತ್ತರಿಸಿ ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಅದು ಕಂದಿತು. 'ಅವರು ಕಂಡುಹಿಡಿದದ್ದು ಇದೇನಾ ಸಾರ್?' ಎಂದು ಕೇಳಿದರು. ಅಲ್ಲ, ಇದು ಗಾಳಿ ತಾಗಿ ಬೇರೊಂದು ಕಿಣ್ವ ಮಾಡುವ ಕೆಲಸ, ಅವರು ಕಂಡದ್ದು ಕಣ್ಣಿಗೆ ಕಾಣದ ಉಸಿರಾಟದ್ದು ಎಂದೆ. ಆಗ ಹಿಂದಿನ ಸಾಲಿನಿಂದ, ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು, 'ಗೆಡ್ಡೆ ರಾಶಿ ಒಳಕ್ಕೆ ಕೈ ಹಾಕಿದ್ರೆ ಬೆಚ್ಚಗಿರುತ್ತೆ ಸಾರ್, ಅದು ಉಸಿರಾಡೋದಕ್ಕಾ?' ಎಂದಳು. ಹೌದು ಎಂದು ಹೇಳಲು ನನಗೆ ಎರಡು ಕ್ಷಣ ಬೇಕಾಯಿತು. ಅಷ್ಟು ವರ್ಷ ಹಾಸನದ ಮಾರುಕಟ್ಟೆಯಲ್ಲಿ ಮೂಟೆಗಳ ನಡುವೆ ಓಡಾಡಿದ ನನಗೆ ಅದು ಹೊಳೆದಿರಲಿಲ್ಲ.

ಆ ಉಮೇದಿನಲ್ಲಿಯೇ ಅನ್ನಾ ಮಣಿಯವರಿಗಾಗಿ ತೋಟದ ಮನೆಯಿಂದ ಮಳೆ ಅಳೆಯುವ ಹಳೆಯ ರೈನ್ ಗೇಜನ್ನೂ ಆ ಅಳತೆಗಳನ್ನು ಬರೆದಿಡುತ್ತಿದ್ದ ಅಪ್ಪನ ಮಳೆ ಪುಸ್ತಕವನ್ನೂ ತಂದುಬಿಟ್ಟೆ. ಎಡವಟ್ಟಾದದ್ದು ಅಲ್ಲಿ.

ಓಲೆ ಬೇಡವೆಂದವರು ಮುಂದೆ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳ ಬೆಳಕನ್ನೇ ಅಭ್ಯಸಿಸಿದರು. ಎಂ.ಎಸ್ಸಿ. ಇಲ್ಲವೆಂದು ಮದ್ರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡದಿದ್ದರೂ ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳನ್ನು ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿ, ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣಬದ್ಧಗೊಳಿಸಿದರು. ಒಂದೂರಿನ ಇಂಚು ಇನ್ನೊಂದೂರಿನ ಇಂಚಿಗೆ ಸರಿಹೊಂದಬೇಕೆಂಬುದೂ, ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲೆಂಬುದೂ ಅವರ ಹಟ. ಇದನ್ನು ಹೇಳಿ, ಡಬ್ಬಿಯ ಆಲಿಕೆ ಅಗಲವಾಗಿದ್ದು ಅಳತೆಯ ಗಾಜು ಸಪೂರವಾಗಿರುವುದರಿಂದ ಕೆಲವೇ ಸೆಂಟ್ (ಇಂಚಿನ ನೂರನೆಯ ಒಂದು ಪಾಲು) ಮಳೆಯೂ ಗಾಜಿನಲ್ಲಿ ಎತ್ತರಕ್ಕೆ ಏರಿ ಓದಲು ಸಿಗುತ್ತದೆ ಎಂದು ನೀರು ಸುರಿದು ತೋರಿಸುತ್ತಿದ್ದೆ. ಪುಸ್ತಕ ಕೈಯಿಂದ ಕೈಗೆ ಹೋಗುತ್ತಿತ್ತು. ಆಲೂಗಡ್ಡೆಯ ಹುಡುಗಿ ರಟ್ಟಿನ ಮೇಲಿನ ಅಪ್ಪನ ಹೆಸರನ್ನೂ ಒಳಗಿನ ಪುಟವನ್ನೂ ನಾಲ್ಕು ಸಲ ನೋಡಿ, 'ಇದು ನಿಮ್ಮ ಅಪ್ಪನ ಅಕ್ಷರ ಅಲ್ಲ ಸಾರ್, ಗುಂಡಗಿದೆ' ಎಂದಳು.

ಆ ಪುಟ ನಿನಗೆ ನೆನಪಿರಬೇಕು. ನಾವು ಆರನೆಯ ತರಗತಿಯಲ್ಲಿದ್ದ ವರ್ಷದ ಜುಲೈಯಲ್ಲಿ ಅಳತೆಯ ಗಾಜು ಒಡೆದು, ಅಪ್ಪ ಯಾರದೋ ತೋಟದಿಂದ ಬೇರೆ ಗಾಜು ತಂದಿದ್ದರು. ಪಕ್ಕದ ತೋಟದಲ್ಲಿ ಒಂದು ಇಂಚಾದರೆ ನಮ್ಮಲ್ಲಿ ಎರಡೂವರೆ. ಅಪ್ಪನಿಗೆ ಹೆಮ್ಮೆ. ಒಂಬತ್ತನೆಯ ತರಗತಿಯಲ್ಲಿದ್ದ ಅಕ್ಕ ಮಾತ್ರ ಛತ್ರಿ ಹಿಡಿದು ಹೋಗಿ ನಮ್ಮ ಆಲಿಕೆಯ ಬಾಯಿ ಎಂಟು ಇಂಚು ಎಂದು ಅಳೆದು, ಗಾಜು ಐದು ಇಂಚಿನ ಡಬ್ಬಿಯದೆಂದು ವಿಚಾರಿಸಿ ತಿಳಿದುಕೊಂಡು, ಎಂಟರ ವರ್ಗ ಅರವತ್ತನಾಲ್ಕನ್ನು ಐದರ ವರ್ಗ ಇಪ್ಪತ್ತೈದರಿಂದ ಭಾಗಿಸಿ, ಅಂಚಿನಲ್ಲಿ ಬರೆದಳು: 'ಹೊಸ ಗಾಜು. 2.56ರಿಂದ ಭಾಗಿಸಬೇಕು. ಎರಡು ಸಲ ಅಳೆದೆ.'

ಮರುವರ್ಷ ಅದೇ ಪುಸ್ತಕದಿಂದ ಚಾರ್ಟು ಮಾಡಿಕೊಂಡು ನಾವಿಬ್ಬರೂ ವಸ್ತುಪ್ರದರ್ಶನಕ್ಕೆ ಹೋದೆವು. ತೀರ್ಪುಗಾರರು ಆ ಸಾಲಿನ ಮೇಲೆ ಬೆರಳಿಟ್ಟು, 'ಇದನ್ನು ಪತ್ತೆ ಮಾಡಿದ್ದು ಯಾರಪ್ಪ?' ಎಂದು ಕೇಳಿದರು. 'ನಾನೇ ಸಾರ್' ಎಂದೆ. ನೀನು ಕೆಮ್ಮಿದೆ. ಅಳೆದನು, ಅಳೆದಳು ಎಂದಿದ್ದರೆ ಸಿಕ್ಕಿಬೀಳುತ್ತಿದ್ದೆ. ಆದರೆ ನಮ್ಮ ಭಾಷೆಯಲ್ಲಿ 'ಅಳೆದೆ' ಎಂಬುದಕ್ಕೆ ಗಂಡು ಹೆಣ್ಣಿಲ್ಲ, ಅದನ್ನು ಯಾರು ಓದಿದರೆ ಅವರದು.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 94 ತೆಗೆದ ಅಕ್ಕನನ್ನು ಹಾಸನದ ಹಾಸ್ಟೆಲಿಗೆ ಕಳಿಸುವುದು ಬೇಡ ಎಂದಾಯಿತು. ಯಾರೂ ಕೂಗಾಡಲಿಲ್ಲ, ಯಾವ ನಿರ್ದೇಶಕರೂ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಊಟದ ಹೊತ್ತಿನಲ್ಲಿ ಒಂದು ಮಾತು ಅಷ್ಟೇ. ನಾನು ಸಾರಿನಲ್ಲಿ ಅನ್ನ ಕಲೆಸುತ್ತಾ ಕೇಳಿಸಿಕೊಂಡೆ. ಮೂರು ವರ್ಷದ ಮೇಲೆ, ಅದೇ ಗಣಿತದಲ್ಲಿ 71 ತೆಗೆದು ಅದೇ ಊರಿಗೆ ಹೊರಟ ನನ್ನ ಟ್ರಂಕಿನ ಮೇಲೆ ಬಿಳಿಯ ಬಣ್ಣದಲ್ಲಿ ನನ್ನ ಹೆಸರು ಬರೆದವಳು ಅವಳು, ಆ ಗುಂಡು ಅಕ್ಷರದಲ್ಲಿಯೇ. ಶಾಲು ಸುತ್ತಿಕೊಂಡು ರಾಮನ್ ಪಾತ್ರ ಮಾಡುವಾಗ ನನಗೆ ಅಷ್ಟು ಸುಲಭವಾಗಿ ದನಿ ಬಂದದ್ದು ಎಲ್ಲಿಂದ ಎಂದು ಈಗ ಅನಿಸುತ್ತಿದೆ.

ಮಕ್ಕಳಿಗೆ ಏನು ಹೇಳಿದೆ ಎಂದು ಕೇಳುತ್ತೀಯ. 'ನಮ್ಮಕ್ಕನ ಅಕ್ಷರ' ಎಂದೆ. 'ಅವರೂ ವಿಜ್ಞಾನಿನಾ ಸಾರ್?' ಎಂದರು. ಗಂಟೆ ಹೊಡೆಯಿತು. ಇಷ್ಟೊಂದು ಬರೆಯುವ ಉದ್ದೇಶವಿರಲಿಲ್ಲ, ಬರೆದಾಗಿದೆ, ಅಳಿಸುವುದಿಲ್ಲ.

ಆ ಸಂಜೆ ಅರಕಲಗೂಡಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಕ್ಷಮೆ ಕೇಳುವ ಮಾತುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ, ನಿನಗೆ ಗೊತ್ತಲ್ಲ ನನ್ನ ಭಾಷಣದ ಚೀಟಿಗಳ ಗತಿ. ಎರಡನೆಯ ವಾಕ್ಯಕ್ಕೇ ಅಕ್ಕ ತಡೆದು, 'ಆ ಚಾರ್ಟಿನಲ್ಲಿ ಜುಲೈ ಕಂಬವನ್ನು ನೀವು ಭಾಗಿಸಿಯೇ ಇರಲಿಲ್ಲ ಕಣೋ. ಅಷ್ಟೆತ್ತರ ಇತ್ತು. ಅದನ್ನು ನೋಡಿಯೇ ಬಹುಮಾನ ಕೊಟ್ಟಿರಬೇಕು' ಎಂದು ಮನಸಾರೆ ನಕ್ಕಳು. ಪುಸ್ತಕ ತೆಗೆದು ನೋಡಿದೆ. ನಿಜ. ಕದ್ದದ್ದನ್ನೂ ನಾವು ಸರಿಯಾಗಿ ಕದ್ದಿರಲಿಲ್ಲ. ಕಂಬ ಎಳೆದವನು ನೀನು, ಅಂಕಿ ಓದಿ ಹೇಳಿದವನು ನಾನು, ತಪ್ಪನ್ನು ಅರ್ಧರ್ಧ ಹಂಚಿಕೊಳ್ಳೋಣ.

ಹಂಚಿಕೊಳ್ಳುವುದು ಎಂದಾಗ ನೆನಪಾಯಿತು. ಬಹುಮಾನದ ಸ್ಟೀಲ್ ಕ್ಯಾರಿಯರ್‌ನ ಕೆಳಗಿನ ಡಬ್ಬಿ ನನ್ನ ಬಳಿ ಇದೆ, ಮೇಲಿನ ಡಬ್ಬಿಯನ್ನೂ ಮುಚ್ಚಳವನ್ನೂ ನೀನು ಒಯ್ದಿದ್ದೆ. ಯುಗಾದಿಗೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಅಷ್ಟರೊಳಗೆ ಅದನ್ನು ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕೊಟ್ಟು ಕಳಿಸು. ನೀನು ಅದರಲ್ಲಿ ಇಷ್ಟು ವರ್ಷ ಮೊಳೆ, ಸ್ಕ್ರೂ ತುಂಬಿಟ್ಟಿರುತ್ತೀಯ, ತೊಳೆದು ಕಳಿಸು.

ನಿನ್ನ,
ಜುಲೈ ಕಂಬ